ಹಿಂದೆ ಏನೂ ಇಲ್ಲದ ಮನುಷ್ಯ

ನಮ್ಮೂರಿನಲ್ಲಿ ಯಾರಾದರೂ ಒಂದು ಕೆಲಸಕ್ಕೆ ಕೈ ಹಾಕಿ ಅರ್ಧಕ್ಕೆ ಬಿಟ್ಟರೆ, ಆ ಕೆಲಸ ಅವರ ಹಿಂದೆಯೇ ಬರುತ್ತದೆ. ಒಂದು ತೋಳಿನ ಸ್ವೆಟರು, ಕಾಲಿಲ್ಲದ ಮಂಚ, ಒಂದೇ ಮಗ್ಗುಲಿಗೆ ಬಣ್ಣ ಹಚ್ಚಿದ ಬಾಗಿಲು, ಯಾವುದಾದರೂ ಸರಿ. ಮುಂದೆ ನಡೆದರೆ ಬರುತ್ತವೆ, ತಿರುಗಿ ನೋಡಿದರೆ ನಿಂತಿರುತ್ತವೆ. ಹಿಂದಿನ ಪಟೇಲರ ಬೆನ್ನಿಗೆ ಅರ್ಧ ತೋಡಿದ ಬಾವಿಯೊಂದು ಅವರು ಸಾಯುವ ತನಕ ಇತ್ತು. ಬಾವಿ ಹೇಗೆ ಬರುತ್ತದೆ ಎಂದು ನಾವು ಯಾರೂ ಕೇಳಿದವರಲ್ಲ. ಪಟೇಲರು ಬರುತ್ತಿದ್ದಾರೆ ಎಂದರೆ ಕಾಲಿಡುವ ಜಾಗ ನೋಡಿಕೊಳ್ಳುತ್ತಿದ್ದೆವು, ಅಷ್ಟೇ.

ಇದಕ್ಕೆ ಹೊಂದಿಕೊಂಡು ಬದುಕುವುದು ಅಂಥ ಕಷ್ಟವೇನಲ್ಲ. ಬಸ್ಸಿನವರು ಕುರ್ಚಿಯಷ್ಟು ದೊಡ್ಡದಕ್ಕೆ ಅರ್ಧ ಟಿಕೆಟು ಹರಿಯುತ್ತಾರೆ, ಸ್ವೆಟರಿಗೆ ಏನೂ ಕೇಳುವುದಿಲ್ಲ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಮೊದಲು ಅಂಗಳ ನೋಡುತ್ತಾರೆ. ಅವರು ಬರುವ ಮುಂಚೆ ಆ ಮನೆಯಿಂದ ವಾರವೆಲ್ಲ ಸುತ್ತಿಗೆ ಸದ್ದು ಕೇಳಿಸುತ್ತದೆ. ಇನ್ನೊಬ್ಬರು ಬಿಟ್ಟ ಕೆಲಸಕ್ಕೆ ನೀವು ಕೈ ಹಾಕಿದರೆ ಅದು ನಿಮ್ಮದೂ ಆಗುತ್ತದೆ, ಮುಗಿಯುವ ತನಕ ನಿಮ್ಮನ್ನೂ ಬಿಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಜಾಮೀನು ಕೇಳುವ ಪದ್ಧತಿ ಇಲ್ಲ. ಯಾರಾದರೂ "ನಾನು ನೋಡ್ಕೋತೀನಿ ಬಿಡಿ" ಎಂದರೆ, "ಹಂಗಾದ್ರೆ ಒಂದು ಮೊಳೆ ಹೊಡಿ" ಎನ್ನುತ್ತೇವೆ.

ನಾನು ಬಸ್ ಸ್ಟ್ಯಾಂಡಿನ ಎದುರು ಲಾಡ್ಜು ನಡೆಸುತ್ತೇನೆ. ನನಗೆ ಬೇರೆ ಹೆಸರಿದೆ, ಆದರೆ ಊರಿಗೆಲ್ಲ ಲಾಡ್ಜಮ್ಮ. ನನ್ನ ಹಿಂದೆ ಅರ್ಧ ಹೊಲಿದ ಒಂದು ಕೌದಿ ಇದೆ. ಮುಗಿಸಬಹುದಿತ್ತು, ಆದರೆ ಮೆಟ್ಟಿಲ ಮೇಲೆ ಕೂರುವಾಗ ಅದೇ ಬಂದು ಕೆಳಗೆ ಮಡಚಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಲಾಡ್ಜಿನ ಪಕ್ಕದಲ್ಲಿ ನನ್ನ ಮೈದುನ ಮರಿಸ್ವಾಮಿಯ ಸೈಟು, ಅದರಲ್ಲಿ ಒಂದು ಹಲಗೆ ಶೆಡ್ಡು. ಅವನು ಬಡಗಿ ಕೆಲಸದವನು, ಮದುವೆಯಿಲ್ಲ, ನನಗಿಂತ ನಾಕು ವರ್ಷ ಚಿಕ್ಕವನು. ಮರ ಕಂಡರೆ ಕೈ ಸುಮ್ಮನಿರುವುದಿಲ್ಲ, ಹೊಸ ಮರ ಕಂಡರೆ ಹಳೆಯದರ ಮೇಲೆ ಮನಸ್ಸು ನಿಲ್ಲುವುದಿಲ್ಲ. ಅವನು ಟೀ ಕುಡಿಯಲು ಹೊರಟರೆ ಶೆಡ್ಡಿನಿಂದ ಒಂದು ಮೆರವಣಿಗೆಯೇ ಹೊರಡುತ್ತದೆ. ಮೂರು ಕಾಲಿನ ಮೇಜು, ಬಾಗಿಲಿಲ್ಲದ ಗೂಡು, ಹಗ್ಗವಿಲ್ಲದ ಉಯ್ಯಾಲೆ, ಎಲ್ಲಕ್ಕೂ ಹಿಂದೆ ಅರ್ಧ ಕಟ್ಟಿದ ದೋಣಿ. ನಮ್ಮೂರಿನಲ್ಲಿ ಹೊಳೆಯಿಲ್ಲ. ಶಾಲೆಗೆ ತಡವಾದ ಮಕ್ಕಳು ಆ ದೋಣಿ ಹತ್ತಿ ಹೋಗುತ್ತವೆ. ಮಳೆಯಲ್ಲಿ ಅವನ್ನೆಲ್ಲ ಒಳಗೆ ಸೇರಿಸಿ, ತಾನೂ ನಡುವೆ ಚಾಪೆ ಹಾಸಿ ಮಲಗುತ್ತಾನೆ. ಹೊರಗೆ ನಗಾಡಿದರೂ ಒಳಗೆ ಅದರ ಬಗ್ಗೆ ಅವನಿಗೆ ನಾಚಿಕೆಯಿದೆ. ಅದು ನನಗೊಬ್ಬಳಿಗೇ ಗೊತ್ತು.

ವಿಭಾಸ್ ಎನ್ನುವವನು ನನ್ನ ಲಾಡ್ಜಿಗೆ ಬಂದಾಗ ಮಾವಿನಕಾಯಿ ಕಾಲ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಎಲ್ಲರಿಗೂ ನಮಸ್ಕಾರ. ಮೇಲಿನ ರೂಮು, ಸಭೆ ನಡೆಸಲು ಕೆಳಗಿನ ಹಾಲು ಎರಡನ್ನೂ ತಿಂಗಳಿಗೆ ಹಿಡಿದು ಬಾಡಿಗೆ ಮುಂಗಡವಾಗಿ ಎಣಿಸಿದ. ಹೊರಗಿನಿಂದ ಬಂದವರ ಬಾಕಿ ಕೆಲಸಗಳು ಅವರ ಹಿಂದೆ ಒಂದೆರಡು ದಿನ ತಡವಾಗಿ ಬಂದು ಮುಟ್ಟುತ್ತವೆ. ಬ್ಯಾಂಕಿನ ಮ್ಯಾನೇಜರಿಗೆ ಮೂರನೇ ದಿನ ಒಂದು ಗಿಟಾರು ಬಂದಿತ್ತು. ವಿಭಾಸನಿಗೆ ವಾರ ಕಳೆದರೂ ಏನೂ ಬರಲಿಲ್ಲ. ಅವನು ರಸ್ತೆಯಲ್ಲಿ ಹೋದರೆ ಹಿಂದೆ ಬರೀ ರಸ್ತೆ. ಜನ ಅಂಗಡಿಯಿಂದ ಹೊರಗೆ ಬಂದು ನೋಡುತ್ತಿದ್ದರು.

"ಹುಟ್ಟಿದಾಗಿಂದ ಹಿಡಿದ ಕೆಲಸ ಒಂದನ್ನೂ ಬಿಟ್ಟಿಲ್ಲ ಅಂದ್ರೆ ಏನು ಮನುಷ್ಯ ಇರ್ಬೇಕು" ಎಂದ ಎದುರಿನ ಹೋಟೆಲಿನ ಶೇಷಣ್ಣ. ಅವನ ಹಿಂದೆ ಇಪ್ಪತ್ತು ವರ್ಷದಿಂದ ಒಂದು ಒಲೆ.

ನನಗೂ ಹೆಮ್ಮೆಯೇ ಆಯಿತು. ಅಂಥವನು ನಮ್ಮ ಲಾಡ್ಜಿನಲ್ಲಿ ಇಳಿದಿದ್ದಾನಲ್ಲ ಎಂದು ಹೊಸ ಬೆಡ್‌ಶೀಟು ಹಾಸಿಕೊಟ್ಟೆ.

ಅವನು ತಂದಿದ್ದು ಒಂದು ಕ್ರಿಪ್ಟೋ ಕಾಯಿನ್. ನೋಟಿಲ್ಲ, ಚಿಲ್ಲರೆಯಿಲ್ಲ, ಎಲ್ಲ ಫೋನಿನಲ್ಲೇ. ಇವತ್ತು ಹಾಕಿದ್ದು ನಾಳೆಗೆ ಬೆಳೆಯುತ್ತದೆ, ನಡುವೆ ಯಾರ ಕೈಯೂ ಇರುವುದಿಲ್ಲ ಎಂದು ಹಾಲಿನ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸುತ್ತಿದ್ದ. ಕಡೆಯ ಚಿತ್ರದಲ್ಲಿ ಕಾಯಿನ್ ಕಟ್ಟಿದವರು ಎಂದು ಐದು ಮುಖ, ಐದೂ ನಗುತ್ತಿದ್ದವು. ಆಮೇಲೆ ಚಿತ್ರ ಆರಿಸಿ, "ನಾನು ಶುರು ಮಾಡಿದ್ದನ್ನ ಬಿಡೋನಲ್ಲ. ನೀವೇ ನೋಡ್ತಿದೀರಲ್ಲ" ಎಂದು ಒಂದು ಸುತ್ತು ತಿರುಗಿ ಬೆನ್ನು ತೋರಿಸುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮೂರ ರೀತಿ ಅವನಿಗೆ ಬೇಗ ಅರ್ಥವಾಗಿತ್ತು.

ಒಂದು ಬೆಳಿಗ್ಗೆ ಅಂಗಿ ಹಿಡಿದು ಕೆಳಗೆ ಬಂದ. "ಆಂಟಿ, ಒಂದು ಗುಂಡಿ ಕಿತ್ತೋಗಿದೆ. ಯಾರಾದ್ರೂ ಹಾಕ್ಕೊಡ್ತಾರಾ?"

ನಾನು ಹಿಟ್ಟು ಕಲಸುತ್ತಿದ್ದೆ. "ಸೂಜಿ ದಾರ ಅಲ್ಲೇ ಡಬ್ಬೀಲಿದೆ ನೋಡಪ್ಪ, ಹಾಕ್ಕೋ. ಎರಡು ನಿಮಿಷದ ಕೆಲಸ."

ಅವನು ಡಬ್ಬಿ ತೆಗೆದು ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದ. ದಾರ ಮುಟ್ಟಲಿಲ್ಲ. ಸೂಜಿಯನ್ನು ಇದ್ದಲ್ಲೇ ಇಟ್ಟು, ಮೇಲೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದ. ಅಂಗಿಗೆ ಗುಂಡಿ ಹಾಕದವರು ಬೇಕಾದಷ್ಟು ಜನ ಇದ್ದಾರೆ, ನನ್ನ ಗಂಡನೂ ಹಾಕಿದವರಲ್ಲ. ಆದರೆ ಅವತ್ತಿನಿಂದ ನಾನು ಗಮನಿಸತೊಡಗಿದೆ. ಲಾಡ್ಜು ನಡೆಸುವವಳಿಗೆ ಮನುಷ್ಯರನ್ನು ನೋಡುವುದೂ ಕೆಲಸವೇ. ಎಲ್ಲರ ಆಧಾರ್ ಕಾರ್ಡಿನ ಜೆರಾಕ್ಸು ತೆಗೆದಿಡುತ್ತೇನೆ, ಅದರಿಂದ ಮುಖ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಹೋಗುವ ದಿನ ಬಕೆಟ್ಟು ಬೋರಲು ಹಾಕುತ್ತಾರಾ, ಫ್ಯಾನು ಆರಿಸುತ್ತಾರಾ, ಅಲ್ಲಿ ತಿಳಿಯುತ್ತದೆ. ವಿಭಾಸ್ ಕಿತ್ತಳೆ ಸುಲಿಯುತ್ತಿರಲಿಲ್ಲ, ಶೂ ಲೇಸು ಕಟ್ಟುತ್ತಿರಲಿಲ್ಲ, ಲೇಸಿಲ್ಲದ ಶೂ ಹಾಕುತ್ತಿದ್ದ. ಹಾಲಿನಲ್ಲಿ ಕುರ್ಚಿ ಹಾಕಬೇಕೆಂದರೆ ಬಂದವರಿಗೆ ಹೇಳುತ್ತಿದ್ದ, ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ ಕುರ್ಚಿ ಹಾಕಿದವರೇ ಅವನಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಆಗ ನನಗೆ ಹೊಳೆಯಿತು. ಹಿಡಿದದ್ದನ್ನೆಲ್ಲ ಮುಗಿಸಿದವನ ಹಿಂದೆ ಏನೂ ಇರುವುದಿಲ್ಲ, ಸರಿ. ಏನನ್ನೂ ಹಿಡಿಯದವನ ಹಿಂದೆಯೂ ಏನೂ ಇರುವುದಿಲ್ಲ.

ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡು ದಿನ ಸುಮ್ಮನಿದ್ದೆ. ಊರಿಗೆ ಹೇಳಿದರೆ ಬಾಡಿಗೆ ಜಗಳ ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಮರಿಸ್ವಾಮಿ ಅಡುಗೆಮನೆಗೆ ಬಂದು, ತಟ್ಟೆ ಹಾಕುವ ಮುಂಚೆಯೇ ಕೂತುಕೊಂಡ. ಅವನ ಮೇಜು ಬಾಗಿಲಲ್ಲಿ ಒರಗಿ ನಿಂತಿತು.

"ಅತ್ತಿಗೆ, ಸೈಟು ಮಾರ್ತಾ ಇದೀನಿ. ಟಿಂಬರ್ ಡಿಪೋ ಕರಿಬಸಪ್ಪ ಒಪ್ಪಿದಾರೆ. ಸೋಮವಾರ ರಿಜಿಸ್ಟ್ರು."

"ಮಾರಿ?"

"ಕಾಯಿನ್ನಿಗೆ ಹಾಕ್ತೀನಿ. ಎಲ್ಲಾನೂ."

ನಾನು ಸೌಟು ಕೆಳಗಿಟ್ಟೆ. "ಶೆಡ್ಡು?"

"ಅವರು ಕೆಡವ್ತಾರೆ."

"ಮಳೆ ಬಂದ್ರೆ ನಿನ್ನ ದೋಣಿ, ಉಯ್ಯಾಲೆ, ಇವೆಲ್ಲ ಎಲ್ಲಿರ್ತವೆ? ನೆಂದು ಕೊಳೀತವೆ. ಕೊಳೆತ್ರೂ ಬಿಡಲ್ಲ, ಚೂರುಚೂರಾಗಿ ಬರ್ತವೆ. ಪಕ್ಕದ ಬೀದಿ ಚಪ್ಪರದೋನ್ನ ನೋಡಿಲ್ವಾ ನೀನು?"

"ಅಷ್ಟು ದಿನ ಎಲ್ಲಿ ಅತ್ತಿಗೆ. ಆರು ತಿಂಗಳಿಗೆ ಮೂರು ಪಟ್ಟು ಆಗುತ್ತಂತೆ. ಆಗ ನಾಕು ಜನ ಆಳು ಇಟ್ಟು ಎಲ್ಲಾ ಮುಗಿಸಿಬಿಡ್ತೀನಿ. ಒಂದೂ ಉಳಿಸಲ್ಲ." ಅವನು ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ಆ ಹುಡುಗ ನಡಕೊಂಡು ಹೋಗ್ತಾನಲ್ಲ, ಹಗುರವಾಗಿ. ಒಂದೇ ಒಂದು ದಿನ ಹಂಗೆ ಟೀ ಅಂಗಡೀಗೆ ಹೋಗ್ಬರ್ಬೇಕು ನಾನು."

ಬೇಡ ಎಂದರೆ ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ, ಮತ್ತು ಆಸ್ತಿ ಅವನದು. ಬೈದು ಹೇಳಿದ ಬುದ್ಧಿ ಎರಡು ದಿನ ನಿಲ್ಲುವುದಿಲ್ಲ. ಹಾಗಾಗಿ ಬೇರೆ ದಾರಿ ಹಿಡಿದೆ.

"ಮಾರೋದಾದ್ರೆ ಮಾರು. ಆದ್ರೆ ಆ ಕಾಯಿನ್ ಕಟ್ಟಿದ ಕೈ ಒಂದು ನಮ್ಮನೇಲಿ ಊಟ ಮಾಡ್ಲಿ. ನಿನ್ನ ಹತ್ರ ಒಂದು ಕಿಟಕಿ ಮಾಡಿಸೋಕೂ ಮುಂಚೆ ಜನ ನಿನ್ನ ಮುಖ ನೋಡಿ ಹೋಗ್ತಾರೆ ತಾನೇ?"

ಅವನಿಗೆ ಅದು ನ್ಯಾಯ ಅನ್ನಿಸಿತು. ಅವತ್ತು ಸಂಜೆಯ ಸಭೆಯಲ್ಲಿ ಎದ್ದು ನಿಂತು ಕೇಳಿಯೂ ಬಿಟ್ಟ. ನಾನು ಕಾಫಿ ಹಂಚುವ ನೆವದಲ್ಲಿ ಅಲ್ಲೇ ಇದ್ದೆ.

"ಸರ್, ಆ ಐದು ಜನ ಇದಾರಲ್ಲ ಚಿತ್ರದಲ್ಲಿ, ಅವರು ಬರ್ತಾರಾ?"

"ಅವರೆಲ್ಲ ಬೇರೆ ಬೇರೆ ದೇಶದಲ್ಲಿದಾರೆ ಮರಿಸ್ವಾಮಿಯವರೇ."

"ನೀವು ಯಾವತ್ತಾದ್ರೂ ಅವರ ಜೊತೆ ಊಟಕ್ಕೆ ಕೂತಿದೀರಾ?" ಎಂದೆ ನಾನು.

"ಮೀಟಿಂಗ್ ಮಾಡ್ತೀವಿ ಆಂಟಿ. ಆನ್‌ಲೈನ್."

"ಅದ್ರಲ್ಲಿ ಕಾಲು ಕಾಣ್ಸಲ್ಲ, ಹಿಂದಿಂದೂ ಕಾಣ್ಸಲ್ಲ" ಎಂದು ಮೂಲೆಯಿಂದ ಯಾರೋ ಅಂದರು. ಸಭೆಯೆಲ್ಲ ನಕ್ಕಿತು.

ವಿಭಾಸನೂ ನಕ್ಕ. ನಗುವುದರಲ್ಲಿ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. "ಒಬ್ಬರು ಇಲ್ಲೇ ನಾಕು ಗಂಟೆ ದಾರೀಲಿದಾರೆ. ಕಾಯಿನ್ನಿನ ಕಂಪ್ಯೂಟರ್ ಪ್ರೋಗ್ರಾಂ ಪೂರ್ತಿ ಬರೆದಿರೋದು ಅವರೇ. ಶನಿವಾರ ಕರೆಸ್ತೀನಿ, ನೀವೇ ಮಾತಾಡಿ." ಆಮೇಲೆ ಮೆಟ್ಟಿಲು ಹತ್ತುವಾಗ ನನ್ನ ಹತ್ತಿರ ಬಾಗಿ, "ಆಂಟಿ, ಪ್ರೋಗ್ರಾಂ ಅನ್ನೋದು ಮೇಜು ಕುರ್ಚಿ ಥರ ಅಲ್ಲ, ಕೈಗೆ ಸಿಗೋ ವಸ್ತುವೇ ಅಲ್ಲ. ಅದು ಎಲ್ಲಿಂದ ನಡ್ಕೊಂಡು ಬರುತ್ತೆ?" ಎಂದ.

ನಾನು ಹೌದಪ್ಪ ಎಂದೆ. ನಮ್ಮ ಹೈಸ್ಕೂಲು ಮೇಷ್ಟ್ರು ಅರ್ಧಕ್ಕೆ ಬಿಟ್ಟ ನಾಟಕವೊಂದಿದೆ. ಅದು ಕಂಬಳಿ ಹೊದ್ದ ಮುದುಕನಾಗಿ ಅವರ ಹಿಂದೆ ತಿರುಗುತ್ತದೆ, ಹೇಳಲು ಮಾತಿಲ್ಲದೆ ಆಗಾಗ ಗಂಟಲು ಸರಿಮಾಡಿಕೊಳ್ಳುತ್ತದೆ. ವಿಭಾಸ್ ಅವನನ್ನು ಮೇಷ್ಟ್ರ ಮಾವ ಅಂದುಕೊಂಡಿದ್ದ.

ಶನಿವಾರ ಬಂದಿಳಿದವಳು ಮೇದಿನಿ ಎನ್ನುವ ಹುಡುಗಿ. ಹೆಗಲಿಗೊಂದು ಬ್ಯಾಗು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಊಟಕ್ಕೆ ಕೂತವಳು ಮೂರು ಸಲ ಸಾರು ಹಾಕಿಸಿಕೊಂಡಳು, ಎದ್ದಾಗ ಎಲೆಯನ್ನು ತಾನೇ ಎತ್ತಿದಳು. ಶೇಷಣ್ಣ, ಮರಿಸ್ವಾಮಿ ಮೊದಲಾಗಿ ಹತ್ತು ಜನ ಎದುರಿಗೆ ಕೂತಿದ್ದರು. ವಿಭಾಸ್ ಅವಳ ಪರವಾಗಿ ಉತ್ತರ ಕೊಡುತ್ತಿದ್ದ. "ಎಲ್ಲಾ ರೆಡಿಯಲ್ವಾ ಮೇದಿನಿ?" ಎಂದರೆ ಅವಳು, "ಬಹುಪಾಲು ಆಗಿದೆ ಸರ್" ಎಂದಳು. ಬಹುಪಾಲು ಎನ್ನುವ ಮಾತು ಬೇರೆ ಊರಿನಲ್ಲಿ ಸುಮ್ಮನೆ ದಾಟಿಹೋಗುತ್ತದೆ. ನಮ್ಮೂರಿನಲ್ಲಿ ಹತ್ತೂ ಜನ ಒಟ್ಟಿಗೆ ಅವಳ ಬೆನ್ನ ಹಿಂದೆ ನೋಡಿದರು. ಏನೂ ಇರಲಿಲ್ಲ. ಇನ್ನೂ ಬಂದಿರಲಿಲ್ಲ, ಅಷ್ಟೇ.

ಸೋಮವಾರ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ಮೆಟ್ಟಿಲ ಕೆಳಗೆ ಅದು ನಿಂತಿತ್ತು. ಆಳೆತ್ತರದ ಬೀಟೆ ಮರದ ತಿಜೋರಿ. ಅಂಥ ಕೆಲಸ ನಾನು ನೋಡಿರಲಿಲ್ಲ. ಬಾಗಿಲಿಗೆ ಹಿತ್ತಾಳೆ ಪಟ್ಟಿ, ಮೂರು ಬೀಗ, ಹಣ ಹಾಕಲು ಸೀಳು, ಸೀಳಿನ ಸುತ್ತ ಬಳ್ಳಿಯ ಕೆತ್ತನೆ. ಪಕ್ಕದಲ್ಲಿ ಒಂದು ಅರ್ಧ ಹೆಣೆದ ಪುಟ್ಟ ಟೋಪಿಯೂ ಇತ್ತು. ನಾನು ಮರಿಸ್ವಾಮಿಯನ್ನು ಕೂಗಿದೆ. ಅವನು ರಿಜಿಸ್ಟ್ರಿಗೆಂದು ಬಿಳಿ ಪಂಚೆ ಉಟ್ಟಿದ್ದ. ತಿಜೋರಿಯ ಬಾಗಿಲ ಮೇಲೆ ಕೈಯಾಡಿಸುತ್ತಾ, "ಏನು ಸಂದು ಕೂಡಿಸಿದಾರೆ ಅತ್ತಿಗೆ, ಕೂದಲು ಹೋಗಲ್ಲ" ಎಂದ. ಹಾಗೇ ಸುತ್ತು ಹಾಕುತ್ತಾ ಹಿಂದಕ್ಕೆ ಹೋದ. ಅಲ್ಲಿಂದ ನನ್ನನ್ನು ಕರೆದ.

ನಾನೂ ಹೋಗಿ ನೋಡಿದೆ. ಹಿಂಬದಿಯೇ ಇರಲಿಲ್ಲ. ಮೂರು ಬೀಗದ ಬಾಗಿಲು ಮುಂದೆ, ಹಿಂದೆ ಬರೀ ಗಾಳಿ. ಮರಿಸ್ವಾಮಿ ಅಲ್ಲಿಂದ ಕೈ ತೂರಿಸಿದ. ಅದು ಒಳಗಿನಿಂದ ಸೀಳಿನ ತನಕ ಹೋಯಿತು.

ಮೇದಿನಿ ಹಲ್ಲುಜ್ಜುತ್ತಾ ಹೊರಗೆ ಬಂದವಳು ಮೊದಲು ಟೋಪಿ ನೋಡಿದಳು. "ಇದು ನಮ್ಮಕ್ಕನ ಪಾಪೂಗೆ ಅಂತ..." ಎಂದಳು. ಆಮೇಲೆ ತಿಜೋರಿ ನೋಡಿದಳು. ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಅದರ ಬಾಗಿಲು ಮುಟ್ಟಿದಳು, ಬೀಗ ಮುಟ್ಟಿದಳು, ಹಿಂದೆ ಹೋಗಿ ನಿಂತು ಬಾಯಿ ಮುಕ್ಕಳಿಸುವುದನ್ನೂ ಮರೆತು, "ನಂದೇ ಪ್ರೋಗ್ರಾಂ" ಎಂದಳು.

ಅಷ್ಟರಲ್ಲಿ ಹೋಟೆಲಿಗೆ ಬಂದವರೆಲ್ಲ ಸೇರಿದ್ದರು. ವಿಭಾಸನೂ ಇಳಿದು ಬಂದ.

"ಇದ್ರ ಬೆನ್ನು ಎಲ್ಲಿ ತಾಯಿ?" ಎಂದ ಮರಿಸ್ವಾಮಿ.

ಅವಳು ಒಮ್ಮೆ ವಿಭಾಸನ ಮುಖ ನೋಡಿದಳು, ಒಮ್ಮೆ ಮರಿಸ್ವಾಮಿಯ ಹಿಂದೆ ಸಾಲಾಗಿ ನಿಂತಿದ್ದ ಮೇಜು, ಗೂಡು, ಉಯ್ಯಾಲೆ, ದೋಣಿಯನ್ನು. "ಆ ಕಡೆ ಇನ್ನೂ ಮುಚ್ಚಿಲ್ಲ ಅಂಕಲ್. ಜನ ಮುಂದಿನಿಂದ ಹಾಕಿದ್ದನ್ನ ಹಿಂದಿನಿಂದ ತೆಗೀಬಹುದು. ಮುಚ್ಚದೆ ಬಿಡಬಾರದು ಅಂತ ನಾನು ಹೇಳಿದ್ದೆ. ಮೊದಲು ಜನ ಸೇರಲಿ, ಆಮೇಲೆ ನೋಡೋಣ ಅಂದ್ರು."

"ತೆಗೆಯೋಕೆ ಯಾರಿಗಾಗುತ್ತೆ?"

"ಆ ಕಡೆ ನಿಂತಿರೋರಿಗೆ." ಅವಳು ದನಿ ತಗ್ಗಿಸಿದಳು. "ಅಂದ್ರೆ ಸರ್‌ಗೆ."

ಎಲ್ಲರೂ ವಿಭಾಸನ ಕಡೆ ತಿರುಗಿದರು. ಅವನು ಕೊಂಚವೂ ಗಾಬರಿಯಾಗಲಿಲ್ಲ. "ಎಲ್ಲಾ ದೊಡ್ಡ ಕೆಲಸನೂ ಹೀಗೇ ಶುರುವಾಗೋದು. ಇದು ಮೊದಲನೇ ಹಂತ. ಹಿಂದಿಂದು ಮುಚ್ಚೋದು ಒಂದು ತಿಂಗಳ ಕೆಲಸ. ನಾನಿದೀನಲ್ಲ, ನಾನು ನೋಡ್ಕೋತೀನಿ."

"ಅಷ್ಟೇ ತಾನೆ" ಎಂದ ಶೇಷಣ್ಣ. "ನಮ್ಮ ಹೋಟೆಲ್ ಹಿಂದಿನ ಬಾಗಿಲು ಹಾಕಿಸಿಯೇ ಇಲ್ಲ ನಾನು. ಯಾರು ಏನು ಕದ್ದರು?"

"ನಿನ್ನ ಹೋಟ್ಲಲ್ಲಿ ಕದಿಯೋಕೆ ಏನಿದೆ, ಆ ಚಟ್ನೀನಾ?" ಎಂದಳು ಗುಂಪಿನಲ್ಲಿದ್ದ ಹೂವು ಮಾರುವವಳು. ಶೇಷಣ್ಣ ಟವೆಲ್ಲು ಕೊಡವಿಕೊಂಡ. ಆದರೆ ಅವನು ಹೇಳಿದ್ದಕ್ಕೆ ತಲೆಯಾಡಿಸಿದವರೂ ಇದ್ದರು. ಮರಿಸ್ವಾಮಿಯ ಮುಖದಲ್ಲಿ ನಾನು ನೋಡಿದ್ದು ಅನುಮಾನವಲ್ಲ, ಆಸೆ. ಬೆನ್ನಿಲ್ಲದ ತಿಜೋರಿ ಕಣ್ಣೆದುರು ನಿಂತಿದ್ದರೂ ಅವನಿಗೆ ಆ ಹುಡುಗನ ಮಾತು ನಿಜವಾಗಬೇಕಿತ್ತು. ಕರಿಬಸಪ್ಪನ ಕಾರು ರಸ್ತೆಯ ಆಚೆ ಬಂದು ನಿಂತಿತ್ತು.

"ವಿಭಾಸಪ್ಪ" ಎಂದೆ ನಾನು, "ನೋಡ್ಕೋತೀನಿ ಅಂದ್ಯಲ್ಲ. ಒಂದು ಮೊಳೆ ಹೊಡಿ."

ಅವನಿಗೆ ಅರ್ಥವಾಗಿತ್ತು, ಆದರೂ ಅರ್ಥವಾಗದವನಂತೆ ನಿಂತ. ಮರಿಸ್ವಾಮಿಗೆ ಮಾತ್ರ ಜೀವ ಬಂದಂತಾಯಿತು. ಪಂಚೆ ಎತ್ತಿ ಕಟ್ಟಿಕೊಂಡು ಶೆಡ್ಡಿಗೆ ಓಡಿದ, ಒಂದು ಒಳ್ಳೆಯ ತೇಗದ ಹಲಗೆ, ಸುತ್ತಿಗೆ, ಬಾಯಲ್ಲಿ ಒಂದು ಮೊಳೆ ಕಚ್ಚಿಕೊಂಡು ಬಂದ. ಹಲಗೆಯನ್ನು ತಿಜೋರಿಯ ಬೆನ್ನಿಗೆ ತಾನೇ ಒತ್ತಿ ಹಿಡಿದು, ಮೊಳೆಯನ್ನು ಜಾಗಕ್ಕೆ ಸರಿಯಾಗಿ ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಸುತ್ತಿಗೆ ಚಾಚಿದ.

"ಹೊಡೀರಿ ಸರ್. ಮೆಲ್ಲಗೆ ಒಂದೇ ಏಟು. ಮಿಕ್ಕಿದ್ದು ಈ ಮಗು ಮಾಡುತ್ತೆ, ಬೇಕಾದ್ರೆ ನಾನೂ ಸೇರ್ಕೋತೀನಿ. ನಿಮ್ದು ಒಂದು ಏಟು ಬೀಳ್ಲಿ ಸಾಕು."

ಒಂದು ಏಟು ಬಿದ್ದರೆ ತಿಜೋರಿ ಮುಗಿಯುವ ತನಕ ವಿಭಾಸನ ಹಿಂದೆಯೂ ಇರುತ್ತದೆ. ಯಾವ ಊರಿಗೆ ಹೋದರೂ, ಯಾವ ಸಭೆಯಲ್ಲಿ ಬೆನ್ನು ತಿರುಗಿಸಿದರೂ. ಅವನು ಸುತ್ತಿಗೆಯನ್ನು ನೋಡಿದ. ಅವತ್ತು ಸೂಜಿ ನೋಡಿದ್ದನಲ್ಲ, ಹಾಗೆ. ನನಗೆ ಒಂದು ಕ್ಷಣ ಪಾಪ ಅನ್ನಿಸಿತು, ಯಾಕೆಂದರೆ ಅವನ ಬಲಗೈ ನಿಜವಾಗಿಯೂ ಸ್ವಲ್ಪ ಮೇಲೆ ಬಂತು. ಆಮೇಲೆ ಆ ಕೈ ಜೇಬಿಗೆ ಹೋಗಿ ಫೋನು ತೆಗೆಯಿತು. "ಒಂದು ಅರ್ಜೆಂಟ್ ಕಾಲ್, ಬಂದೆ" ಎಂದು ಒಳಗೆ ಹೋದ. ಫೋನು ಸದ್ದು ಮಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಮರಿಸ್ವಾಮಿ ಸುತ್ತಿಗೆ ಚಾಚಿಕೊಂಡೇ ನಿಂತಿದ್ದ. ಕೊನೆಗೆ ಮೇದಿನಿಯೇ ಹೋಗಿ ಅವನ ಕೈಯಿಂದ ತೆಗೆದುಕೊಂಡಳು.

"ನಾನು ನಿಮ್ಮ ಮಗಳಾಗಿದ್ರೆ" ಎಂದಳು, "ಸೈಟು ಮಾರಬೇಡಿ ಅಂತಿದ್ದೆ."

"ನಿನಗೆ ನಷ್ಟ ಆಗಲ್ವಾ ತಾಯಿ?"

"ಮೂರು ತಿಂಗಳಿಂದ ಸಂಬಳವೇ ಬಂದಿಲ್ಲ ಅಂಕಲ್. ಇನ್ನೇನಾಗುತ್ತೆ."

ಮರಿಸ್ವಾಮಿ ಹಲಗೆ ಕೆಳಗಿಟ್ಟ. ರಸ್ತೆ ದಾಟಿ ಕರಿಬಸಪ್ಪನ ಕಾರಿನ ಕಿಟಕಿಗೆ ಬಾಗಿ ಏನೋ ಹೇಳಿದ. ಮೇಜು, ಗೂಡು, ಉಯ್ಯಾಲೆ, ದೋಣಿ ಎಲ್ಲ ಜೊತೆಯಲ್ಲೇ ರಸ್ತೆ ದಾಟಿದವು, ಲಾರಿಯೊಂದು ಅಷ್ಟೂ ದಾಟುವ ತನಕ ಕಾದು ನಿಂತಿತು. ಕಾರು ಹೊರಟುಹೋಯಿತು. ಅವನು ವಾಪಸ್ ಬಂದು ಮೆಟ್ಟಿಲ ಮೇಲೆ ಕೂತ. ಬಿಸಿ ಇಡ್ಲಿ ಹಾಕಿಕೊಟ್ಟೆ, ತಿಂದ.

ವಿಭಾಸ್ ಮಧ್ಯಾಹ್ನದ ಬಸ್ಸಿಗೆ ಹೊರಟ. ಮಿಕ್ಕ ದಿನಗಳ ಬಾಡಿಗೆ ಲೆಕ್ಕ ಹಾಕಿ ಹಿಂದಕ್ಕೆ ಕೊಟ್ಟೆ, ದಾರಿಗೆ ಮೊಸರನ್ನ ಕಟ್ಟಿಕೊಟ್ಟೆ. ಅವನು ಬೇಡವೆನ್ನಲಿಲ್ಲ. ಊರವರು ಯಾರೂ ಅವನಿಗೆ ಬಯ್ಯಲಿಲ್ಲ, ಬಯ್ಯಲು ಇನ್ನೂ ಯಾರ ದುಡ್ಡೂ ಹೋಗಿರಲಿಲ್ಲ. "ಬಕೆಟ್ಟು ಬೋರಲು ಹಾಕಿದೀನಿ ಆಂಟಿ" ಎಂದ. ನನಗೆ ಆಶ್ಚರ್ಯವಾಯಿತು, ಯಾರು ಹೇಳಿದ್ದರೋ. "ಇನ್ನೂ ವಯಸ್ಸಿದೆ, ಚಿಕ್ಕದು ಏನಾದ್ರೂ ಒಂದು ಕೈಗೆ ಹಚ್ಕೊಳಪ್ಪ" ಎಂದೆ. ತಲೆಯಾಡಿಸಿ ಹತ್ತಿದ.

ಮೇದಿನಿಗೆ ಅದೇ ಬಸ್ಸಿಗೆ ಹೋಗಲಾಗಲಿಲ್ಲ. ಕಂಡಕ್ಟರು ತಿಜೋರಿಯನ್ನು ನೋಡಿ, ಇದಕ್ಕೆ ಟಿಕೆಟಲ್ಲ, ಲಾರಿ ಬೇಕು ಎಂದ. ಅವಳು ಮೆಟ್ಟಿಲ ಮೇಲೆ ಕೂತು ಟೋಪಿ ಹೆಣೆಯುತ್ತಾ, ಒಂದೋ ಇದರ ಬೆನ್ನು ಕಟ್ಟಬೇಕು, ಇಲ್ಲಾ ಪೂರ್ತಿ ಬಿಚ್ಚಬೇಕು, ಎರಡಕ್ಕೂ ತಿಂಗಳುಗಟ್ಟಲೆ ಬೇಕು ಎಂದಳು. ಕಟ್ಟಿದರೆ ಅದರಿಂದ ಯಾರಿಗೆ ಉಪಯೋಗ ಎಂದು ಕೇಳಿದೆ. ಮಹಿಳಾ ಸಂಘದ ಚೀಟಿ ದುಡ್ಡು ಇಡಲಿಕ್ಕಾದರೂ ಆಗುತ್ತದೆ, ಒಳಗಿರುವುದನ್ನು ಎಲ್ಲರೂ ನೋಡಬಹುದು, ಒಬ್ಬರೇ ತೆಗೆಯಲಾಗದು ಎಂದಳು. ಹಾಗಿದ್ದರೆ ಹಿಂದಿನ ರೂಮು ಖಾಲಿಯಿದೆ, ಬಾಡಿಗೆ ಅರ್ಧ, ಕರೆಂಟು ಬೇರೆ ಎಂದೆ. ಪುಕ್ಕಟೆ ಕೊಟ್ಟರೆ ಅವಳು ನಿಲ್ಲುವವಳಲ್ಲ, ನೋಡಿದರೆ ತಿಳಿಯುತ್ತಿತ್ತು.

ಮೋಡ ಕಟ್ಟುತ್ತಿತ್ತು. ಬೀಟೆ ಮರ ನೆನೆಯಬಾರದು ಎಂದು ಮರಿಸ್ವಾಮಿ ತಿಜೋರಿಯನ್ನು ಶೆಡ್ಡಿಗೆ ಕರೆದುಕೊಂಡು ಹೋದ. ಮೇದಿನಿ ಮುಂದೆ, ತಿಜೋರಿ ಹಿಂದೆ, ಪಕ್ಕದಲ್ಲಿ ಇವನು, ಮೂಲೆ ತಾಗದಂತೆ ಕೈ ಅಡ್ಡ ಹಿಡಿದು. ಸ್ವಲ್ಪ ಹೊತ್ತಿನಲ್ಲಿ ಆ ಕಡೆಯಿಂದ ಹಲಗೆ ಕೀಳುವ ಸದ್ದು ಕೇಳಿಸಿತು. ಹೋಗಿ ನೋಡಿದರೆ, ಬಾಗಿಲಲ್ಲಿ ತಿಜೋರಿ ಹಿಡಿಸಲಿಲ್ಲವೆಂದು ಶೆಡ್ಡಿನ ಹಿಂದಿನ ಗೋಡೆಯನ್ನೇ ಬಿಚ್ಚಿ ನೆಲಕ್ಕೆ ಇಳಿಸಿದ್ದ. ತಿಜೋರಿ ದೋಣಿಯ ಪಕ್ಕದಲ್ಲಿ ಆರಾಮಾಗಿ ನಿಂತಿತ್ತು. ಮರಿಸ್ವಾಮಿಯ ಬಿಳಿ ಪಂಚೆ ಮಣ್ಣಾಗಿತ್ತು, ಮುಖದಲ್ಲಿ ಮಾತ್ರ ಎಷ್ಟೋ ದಿನಗಳಿಂದ ಕಾಣದ ಕಳೆ.

"ಗೋಡೆ ನಾಳೆ ಬೆಳಿಗ್ಗೆ ಎದ್ದ ತಕ್ಷಣ ಕಟ್ಟಿಬಿಡ್ತೀನಿ ಅತ್ತಿಗೆ" ಎಂದ.

ನಾನು ಅಂಗಡಿಗೆ ಹೇಳಿ ದೊಡ್ಡದೊಂದು ಟಾರ್ಪಾಲು ತರಿಸಿದೆ.